ಸಿಗ್ನಲ್ ಪಕ್ಕದ ಮನೆ

ಮಾರ್ಚ್ ೧೪, ರಾತ್ರಿ

ವಾಹನಗಳ ಸದ್ದಿನ ಬಗ್ಗೆ ಇಂದು ಮಾಡಿದ ಸಮೀಕ್ಷೆಯ ಕೊನೆಯ ಮನೆಗೆ ಯಾವ ಅಂಕಿ ಬರೆಯಲಿ ಎಂದು ಇನ್ನೂ ತಿಳಿಯುತ್ತಿಲ್ಲ. ಮುಖ್ಯರಸ್ತೆಯ ಸಿಗ್ನಲ್ ಪಕ್ಕದಲ್ಲಿ ಒಬ್ಬರೇ ಇರುವ, ಬಟ್ಟೆ ಹೊಲಿಯುವ ಅಕ್ಕ. "ಮನೇಲಿ ಸದ್ದು ಕಮ್ಮಿಯಾಗೋಕೆ ತಿಂಗಳಿಗೆ ಎಷ್ಟು ಕೊಡ್ತೀರಿ?" ಎಂದು ಮಾಮೂಲಿನಂತೆ ಕೇಳಿದೆ.

"ಕಮ್ಮಿಯಾಗೋದು ಬೇಡಮ್ಮಾ. ಲಾರಿಗಳು ನಿಂತ್ರೆ ನಮ್ಮತ್ತೆ ಒಳಗಿಂದ ನೀರು ಕೇಳ್ತಾರೆ. ಅವರು ತೀರ್ಕೊಂಡು ಮೂರು ವರ್ಷ ಆಯ್ತು."

ನಗು ತಡೆದುಕೊಂಡೆ. ಅಷ್ಟರಲ್ಲಿ ಸಿಗ್ನಲ್ ಕೆಂಪಾಗಿ ರಸ್ತೆ ತೆಪ್ಪಗಾಯಿತು. "ಬಂದೇ ಅತ್ತೆ, ಅದೇನು ಅವಸರ" ಎಂದು ಗೊಣಗುತ್ತ ಅಕ್ಕ ಲೋಟ ತುಂಬಿಸಿಕೊಂಡು ಒಳಗೆ ಹೋದರು. ಖಾಲಿ ಲೋಟ ಹಿಡಿದು ಬಂದರು.

ನನಗೇನೂ ಕೇಳಿಸಲಿಲ್ಲ, ದೇವರಾಣೆ.

ಅಮ್ಮ ತೀರಿಕೊಂಡ ಮೇಲೆ, ಬಾಡಿಗೆ ಹೆಚ್ಚಾದರೂ ಸರಿ, ಸದ್ದಿಲ್ಲದ ಮನೆ ಬೇಕೆಂದು ಈ ಒಳಬೀದಿಗೆ ಬಂದವಳು ನಾನು. ಈಗ ಕಿಟಕಿ ತೆರೆದು ಕೂತರೂ ಒಂದು ಲಾರಿಯ ಸದ್ದಿಲ್ಲ. ಲೋಟ ತುಂಬಿಸಿ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.