ಪ್ರಾರ್ಥನೆಗೆ ಕೊಟ್ಟ ಹೆಸರು

ನ್ಯೂಟೌನ್, ಭದ್ರಾವತಿ
19 ಜನವರಿ 2025, ಭಾನುವಾರ

ಪ್ರೀತಿಯ ಕೃಪಾ,

ಕರ್ತನ ನಾಮದಲ್ಲಿ ವಂದನೆ ಎಂದು ಬರೆಯಲು ಕೂತೆ, ಕೈ ಏಳಲಿಲ್ಲ. ಇವತ್ತಿಗೆ ಬರೀ ವಂದನೆ ಎಂದು ಇಟ್ಟುಕೊ. ನಿನ್ನ ಫೋನು ಎತ್ತದೆ, ಮೆಸೇಜು ನೋಡಿಯೂ ಸುಮ್ಮನಿದ್ದು ತಿಂಗಳುಗಳೇ ಆದವು. ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳುವುದಿಲ್ಲ, ಮಾಡಿಕೊಂಡಿದ್ದರೆ ನ್ಯಾಯವೇ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ವಿಷಯ ನನಗೆ ಗೊತ್ತಿಲ್ಲವೇ ಮಾರಾಯ್ತಿ. ನಾನು ಅರ್ಧ ಹೇಳುವಷ್ಟರಲ್ಲಿ ನೀನು ಪ್ರಾರ್ಥನೆ ಶುರುಮಾಡುತ್ತೀಯ, ಆಮೇಲೆ ನಾನು ಆಮೆನ್ ಅಂದು ಫೋನು ಇಡುವುದೊಂದೇ ಉಳಿಯುತ್ತದೆ. ಕಾಗದವಾದರೆ ಕೊನೆಯವರೆಗೂ ನೀನು ಸುಮ್ಮನೆ ಕೇಳಲೇಬೇಕು.

ನಿನ್ನ ಕ್ರಿಸ್ಮಸ್ ಪಾರ್ಸೆಲ್ ಬಂತು. ಹಾಸನದಿಂದ ಇಲ್ಲಿಗೆ ಬರುವಷ್ಟರಲ್ಲಿ ಕಲ್‌ಕಲ್ ಅರ್ಧ ಪುಡಿಯಾಗಿತ್ತು, ಆದರೂ ರುಚಿಗೆ ಮೋಸವಿಲ್ಲ. ನನ್ನ ಮಂಡಿ ಹಾಗೇ ಇದೆ, ಬಿ.ಪಿ. ಮಾತ್ರೆ ಒಂದಿದ್ದದ್ದು ಎರಡಾಗಿದೆ. ನಿನ್ನ ಮೊಮ್ಮಗನಿಗೆ ಹಲ್ಲು ಬಂತೆಂದು ರಶ್ಮಿ ಫೋಟೋ ಕಳಿಸಿದ್ದಳು. ಮೂಗು ನಿನ್ನದೇ, ಪಾಪ. ಫ್ಯಾಕ್ಟರಿ ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಈಗ ದೀಪ ಹಚ್ಚುವ ಮನೆ ನಾಲ್ಕೋ ಐದೋ. ಇವರು ತೀರಿಕೊಂಡ ಮೇಲೆ ಸಂಜೆ ಹೊತ್ತು ನನಗೆ ಮಾತಿಗೆ ಸಿಗುವುದು ಪಕ್ಕದ ತಮಿಳು ಅಜ್ಜಿಯ ಟಿ.ವಿ. ಒಂದೇ. ಇದನ್ನು ಬರೆಯುವಾಗ ಚರ್ಚಿನ ಗಂಟೆ ಹೊಡೆಯುತ್ತಿದೆ. ನಾನು ಹೋಗಿಲ್ಲ, ಹೋಗದೆ ಬಹಳ ವಾರಗಳಾದವು. ಆ ವಿಷಯವೂ ನಿನಗೆ ಬಂದು ಮುಟ್ಟಿರುತ್ತದೆ ಬಿಡು.

ದಸರಾ ರಜೆಯ ಚರ್ಚ್ ಕ್ಯಾಂಪು ಹೇಗಿತ್ತು ಎಂದು ನೀನು ಅಕ್ಟೋಬರಿನಿಂದ ಕೇಳುತ್ತಲೇ ಇದ್ದೀಯ. ಈಗ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳುತ್ತೇನೆ, ತಾಳ್ಮೆಯಿಂದ ಓದು.

ನನ್ನ ಸುಹಾಸಿನಿ ಮೇ ತಿಂಗಳಲ್ಲಿ ದಾವಣಗೆರೆಯಿಂದ, ಗಂಡನ ಮನೆಯಿಂದ, ಉಟ್ಟ ಬಟ್ಟೆಯಲ್ಲಿ ಬಂದಳು. ವಿನಯ ಹೊಡೆಯುತ್ತಿದ್ದ. ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ, ಎಲ್ಲರಿಗೂ ಬಗ್ಗಿ ವಂದಿಸುವ, ನಾವೇ ಹುಡುಕಿ ತಂದ ಅಳಿಯ ಅವನು. ಇಲ್ಲಿಟ್ಟುಕೊಂಡರೆ ನೇರ ನನ್ನ ಮನೆಗೇ ಬರುತ್ತಾನೆ, ಎರಡು ಸಲ ಬಂದು ಗೇಟಿನಲ್ಲಿ ನಿಂತಿದ್ದನಲ್ಲ. ಅದಕ್ಕೇ ಅವಳು ಶಿವಮೊಗ್ಗದ ವಿನೋಬನಗರದಲ್ಲಿ ಕಾಶಮ್ಮ ಎಂಬವರ ಮನೆಯ ಹಿಂದಿನ ಕೋಣೆ ಹಿಡಿದಳು, ಅಲ್ಲೇ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸವೂ ಸಿಕ್ಕಿತು. ಅವಳೆಲ್ಲಿದ್ದಾಳೆ ಎಂದು ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಆಗಸ್ಟಿನಲ್ಲಿ ನೀನು ಮದುವೆಗೆಂದು ಭದ್ರಾವತಿಗೆ ಬಂದಾಗ, ಅಡಿಗೆಮನೆಯಲ್ಲಿ ನನ್ನ ಕೈ ಹಿಡಿದು, ‘ಏನೋ ಇದೆ ಗ್ಲಾಡಿಸ್, ನಿನ್ನ ಮುಖ ಹೇಳುತ್ತೆ’ ಎಂದೆ. ನಲವತ್ತು ವರ್ಷದ ಗೆಳತಿಗೆ ಮುಚ್ಚಿಡಲು ನನಗೆ ಬರಲಿಲ್ಲ. ನಿನಗೊಬ್ಬಳಿಗೆ ಹೇಳಿದೆ. ಹೇಳಿ ಹಗುರಾದೆ, ಅದು ಸುಳ್ಳಲ್ಲ.

ಕ್ಯಾಂಪಿಗೆ ಸುಹಾ ಬರಲೊಲ್ಲೆ ಎಂದಿದ್ದಳು. ನಾನೇ ಹಿಂದೆ ಬಿದ್ದು ಕರೆದುಕೊಂಡು ಹೋದೆ. ಶಿವಮೊಗ್ಗ ದಾಟಿ ಒಂದು ಸ್ಕೂಲಿನ ಹಾಸ್ಟೆಲ್ಲು, ಮುನ್ನೂರು ಜನ, ಸುತ್ತಲ ಸಭೆಗಳೆಲ್ಲ ಸೇರಿದ್ದವು. ‘ನಾವೆಲ್ಲ ಒಂದೇ ಮನೆ’ ಎಂದು ಬ್ಯಾನರು. ಬೈಬಲ್ಲಿನ ಆತ್ಮದ ಫಲಗಳ ಹೆಸರಿನಲ್ಲಿ ಗುಂಪು ಮಾಡಿದ್ದರು. ನಮ್ಮದು ದೀರ್ಘಶಾಂತಿ ಗುಂಪು, ಮೊದಲ ಬೆಳಿಗ್ಗೆಯೇ ಬಿಸಿನೀರಿಗೆ ಜಗಳ. ಆಸೆಗಳಿಗೆ ಕಡಿವಾಣ ಹಾಕಬೇಕಾದ ಶಮೆದಮೆ ಗುಂಪಿನವರು ಉಪ್ಪಿಟ್ಟಿಗೆ ಮೂರನೇ ಸಲ ತಟ್ಟೆ ಹಿಡಿದು ನಿಂತಿದ್ದರು. ಸುಹಾ ಇದನ್ನೆಲ್ಲ ನೋಡಿ ನಕ್ಕಳು ಕೃಪಾ. ನಾನು ಅವಳ ನಗು ನೋಡಿ ಎಷ್ಟು ಕಾಲವಾಗಿತ್ತು. ಮಕ್ಕಳಿಗೆ ಹಾಡು ಕಲಿಸಲು ನಿಂತಳು, ಊಟದ ಹೊತ್ತಿಗೆ ನಾಲ್ಕು ಮಕ್ಕಳು ಅವಳ ಸೆರಗು ಹಿಡಿದು ತಿರುಗುತ್ತಿದ್ದವು. ‘ಅಮ್ಮ, ಬಂದಿದ್ದು ಒಳ್ಳೇದಾಯ್ತು’ ಅಂದಳು. ಜನರ ನಡುವೆ ಕೂತು ಉಣ್ಣುವುದು ಅವಳಿಗೆ ಮರೆತೇಹೋಗಿತ್ತು. ಕ್ಯಾಂಪಿನ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಆ ಒಂದು ದಿನವನ್ನು ನಾನು ಇಲ್ಲವೆನ್ನಲಾರೆ.

ಎರಡನೇ ಸಂಜೆ ಸರಪಳಿ ಪ್ರಾರ್ಥನೆ. ಸುತ್ತ ಕೂತು, ಕೈ ಹಿಡಿದು, ಒಬ್ಬರಾದ ಮೇಲೆ ಒಬ್ಬರು. ನಮ್ಮ ಸುತ್ತಿನಲ್ಲಿ ಶಿವಮೊಗ್ಗ ಹೊಸಮನೆಯ ಒಬ್ಬ ಹೆಂಗಸು, ನಾನು ಹಿಂದೆ ಕಂಡವಳೂ ಅಲ್ಲ, ಪ್ರಾರ್ಥಿಸಿದಳು: ‘ಕರ್ತನೇ, ಗಂಡನ್ನ ಬಿಟ್ಟು ವಿನೋಬನಗರದ ರೂಮಲ್ಲಿ ಒಂಟಿಯಾಗಿರೋ ನಮ್ಮ ಸಹೋದರಿ ಸುಹಾಸಿನೀನ ನೆನೆಸ್ಕೋ, ಲ್ಯಾಬಲ್ಲಿ ಕೆಲಸ ಮಾಡ್ತಿರೋ ಅವಳ ಕೈಗಳನ್ನ ಬಲಪಡಿಸು, ಅವಳ ಸಂಸಾರ ಮತ್ತೆ ಕಟ್ಟು.’ ಎಲ್ಲರೂ ಆಮೆನ್ ಅಂದರು. ಸುಹಾ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಆ ಹೆಂಗಸಿಗೆ ಸುಹಾಸಿನಿ ಅಲ್ಲೇ ಕೂತಿದ್ದಾಳೆ ಎಂಬುದೂ ಗೊತ್ತಿರಲಿಲ್ಲ.

ಆಮೇಲೆ ನಾನೇ ಹೋಗಿ ಕೇಳಿದೆ. ಪಾಪ, ಸಂತೋಷದಿಂದ ಫೋನು ತೆಗೆದು ತೋರಿಸಿದಳು. ನಿನ್ನ ಮೆಸೇಜು. ನಿನ್ನ ಇನ್ನೂರು ಹೆಂಗಸರ ವಾಟ್ಸಾಪ್ ಪ್ರಾರ್ಥನಾ ಬಳಗಕ್ಕೆ ನೀನು ಸೆಪ್ಟೆಂಬರಿನಲ್ಲಿ ಹಾಕಿದ್ದು, ಅಲ್ಲಿಂದ ಇನ್ನೆಷ್ಟು ಬಳಗಗಳಿಗೆ ಹೋಯಿತೋ. ಹೆಸರಿತ್ತು, ಬಡಾವಣೆ ಇತ್ತು, ಕೆಲಸವಿತ್ತು. ಕೊನೆಯಲ್ಲಿ ‘ಇದು ಗುಟ್ಟಿನ ವಿಷಯ, ದಯವಿಟ್ಟು ಭಾರದಿಂದ ಪ್ರಾರ್ಥಿಸಿ’ ಎಂದು, ಮುಗಿದ ಕೈಗಳ ಚಿತ್ರ ಬೇರೆ. ಇನ್ನೂರು ಜನಕ್ಕೆ ಹೇಳಿದ ಗುಟ್ಟು. ನನಗೆ ನಗು ಬಂತು, ನಿಜವಾಗಿ.

ಸುಹಾ ನನ್ನನ್ನು ಕೇಳಿದ್ದು ಒಂದೇ: ‘ಕೃಪಾ ಆಂಟಿಗೆ ಯಾರು ಹೇಳಿದ್ದು?’ ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಆಗಲೇ ಹೊರಡೋಣ ಅಂದಳು. ಬಸ್ಸು ಸಿಗುವುದಿಲ್ಲ, ಬೆಳಿಗ್ಗೆ ಹೋಗೋಣ ಅಂದೆ. ಒಂದು ಆಟೋ ಸಿಗುತ್ತಿತ್ತು, ಹುಡುಕಿದ್ದರೆ.

ಬೆಳಿಗ್ಗೆ ಆರಾಧನೆ ಶುರುವಾಗುವ ಮೊದಲೇ ವಿನಯ ಬಂದಿದ್ದ. ಬಿಳಿ ಅಂಗಿ, ಕೈಯಲ್ಲಿ ಬೈಬಲ್, ಜೊತೆಗೆ ಅವನ ತಾಯಿ. ಮೆಸೇಜು ದಾವಣಗೆರೆಗೂ ಹೋಗಿತ್ತು, ಶಿವಮೊಗ್ಗದಲ್ಲಿರುವ ಸುಹಾ ಹತ್ತಿರದ ಈ ಕ್ಯಾಂಪಿನಲ್ಲಿ ಸಿಕ್ಕಾಳೆಂದು ಬಂದವನಿಗೆ ಸಿಕ್ಕೇಬಿಟ್ಟಳು. ಅವನು ಸ್ಟೇಜ್ ಹತ್ತಿ ಮೊಣಕಾಲೂರಿ ಅತ್ತ. ‘ನಾನು ಪಾಪಿ, ನನ್ನ ಹೆಂಡ್ತೀನ ನೋಯಿಸಿದ್ದೀನಿ, ಸಭೆ ಮುಂದೆ ಕ್ಷಮೆ ಕೇಳ್ತೀನಿ’ ಎಂದ. ನಮ್ಮ ಪಾಸ್ಟರ್ ಅಯ್ಯನವರು ಮೈಕು ಹಿಡಿದು, ‘ನಿನ್ನೆ ಸಂಜೆ ಕೇಳಿದ್ವಿ, ಇವತ್ತು ಬೆಳಿಗ್ಗೆ ಉತ್ತರ ಬಂತು’ ಎಂದರು. ಮುನ್ನೂರು ಜನ ಎದ್ದು ನಿಂತರು. ಅಳದವರೇ ಇಲ್ಲ. ಹೊಸಮನೆಯ ಆ ಹೆಂಗಸು ಸುಹಾಳನ್ನು ತಬ್ಬಿಕೊಂಡು ಮುಂದಕ್ಕೆ ನಡೆಸಿದಳು, ಮಕ್ಕಳು ಅವಳು ಕಲಿಸಿದ ಹಾಡನ್ನೇ ಹಾಡಿದರು. ಅಯ್ಯನವರು ಇಬ್ಬರ ಕೈ ಸೇರಿಸಿ ಹಿಡಿದರು. ಸುಹಾ ತಿರುಗಿ ನನ್ನನ್ನು ನೋಡಿದಳು.

ನಾನೂ ಅಳುತ್ತಿದ್ದೆ ಕೃಪಾ. ಅವನು ನಿಜವಾಗಿ ಬದಲಾಗಿರಬಹುದು ಎಂದು ಆ ಗಳಿಗೆಯಲ್ಲಿ ನಂಬಿದೆ. ಅಷ್ಟು ಜನ ಒಟ್ಟಿಗೆ ನಂಬುತ್ತಿರುವಾಗ ಒಬ್ಬಳೇ ನಂಬದೆ ನಿಲ್ಲುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಾಗಲಿಕ್ಕಿಲ್ಲ. ಅವಳಿಗೂ ಅದೇ ಕಷ್ಟವಾಯಿತು. ಅಲ್ಲಿ ‘ಇಲ್ಲ’ ಅಂದಿದ್ದರೆ ಅವಳು ಗಂಡನಿಗೆ ಇಲ್ಲವೆಂದಂತಲ್ಲ, ದೇವರಿಗೇ ಇಲ್ಲವೆಂದಂತೆ. ಮಧ್ಯಾಹ್ನದ ಊಟವಾದ ಮೇಲೆ ಅವನ ಕಾರಿನಲ್ಲಿ ಹೊರಟಳು. ಜನ ಕಾರಿನ ಸುತ್ತ ನಿಂತು ಕೈ ಬೀಸಿದರು, ಮದುವೆ ದಿಬ್ಬಣದ ಹಾಗೆ.

ನವೆಂಬರ್ ಕೊನೆಯಲ್ಲಿ ದಾವಣಗೆರೆಯಿಂದ ಫೋನು ಬಂತು. ಅವರ ಎದುರು ಮನೆಯ ವಾದಿರಾಜ ಎಂಬವರು, ಸುಹಾಳನ್ನು ತಾವೇ ಆಸ್ಪತ್ರೆಗೆ ಸೇರಿಸಿದ್ದೇವೆ, ಬನ್ನಿ ಎಂದರು. ಎಡಗೈ ಎರಡು ಕಡೆ ಮುರಿದಿತ್ತು. ಎಡಕಿವಿ ಇನ್ನು ಕೇಳಿಸುವುದಿಲ್ಲವಂತೆ. ಬಚ್ಚಲಲ್ಲಿ ಜಾರಿ ಬಿದ್ದಳೆಂದು ವಿನಯ ಡಾಕ್ಟರಿಗೆ ಹೇಳಿದ್ದ. ಯಾಕೆ ಹೊಡೆದ ಎಂದು ಕೇಳಿದ್ದಕ್ಕೆ ಸುಹಾ, ‘ಮುನ್ನೂರು ಜನರ ಮುಂದೆ ನನ್ನ ಮರ್ಯಾದೆ ಕಳೆದೆ ಅಂತ ಹೊಡೀತಿದ್ದ ಅಮ್ಮ, ದಿನಾ ಅದೇ ಮಾತು’ ಅಂದಳು. ಅಲ್ಲಿ ಅವನು ಅತ್ತದ್ದಕ್ಕೆಲ್ಲ ಇಲ್ಲಿ ಇವಳು ಬೆಲೆ ಕೊಟ್ಟಳು.

ಅಯ್ಯನವರ ಮನೆಗೆ ಹೋದೆ. ಕೂರಿಸಿದರು, ಅಮ್ಮನವರು ಟೀ ಕೊಟ್ಟರು. ‘ಪೊಲೀಸು ಗಿಲೀಸು ಬೇಡ ಸಿಸ್ಟರ್, ಕುಟುಂಬದ ವಿಷಯ. ಹೊರಗಿನವರ ಮುಂದೆ ಸಭೆಯ ಸಾಕ್ಷಿ ಕೆಟ್ಟುಹೋಗುತ್ತೆ’ ಎಂದರು. ಕ್ಯಾಂಪಿನ ಫೋಟೋ, ಅದೇ ಕೈ ಸೇರಿಸಿದ ಫೋಟೋ, ಚರ್ಚ್ ಪತ್ರಿಕೆಯಲ್ಲಿ ಅಚ್ಚಾಗಿ ಎಲ್ಲ ಸಭೆಗಳಿಗೂ ಹೋಗಿತ್ತಂತೆ. ಮತ್ತೆ ಅವರು ಕಣ್ಣು ಮುಚ್ಚಿದರು. ಅವರು ಪ್ರಾರ್ಥನೆ ಮುಗಿಸುವ ಮೊದಲೇ ನಾನು ಚಪ್ಪಲಿ ಮೆಟ್ಟಿ ಹೊರಟೆ. ಜೀವಮಾನದಲ್ಲಿ ಮೊದಲ ಸಲ ಆಮೆನ್ ಹೇಳದೆ ಎದ್ದದ್ದು.

ಪೊಲೀಸ್ ಸ್ಟೇಷನ್ನಿಗೆ ನನ್ನ ಜೊತೆ ಬಂದದ್ದು ಯಾರು ಗೊತ್ತೇ? ಸುಹಾಳಿಗೆ ಕೋಣೆ ಕೊಟ್ಟಿದ್ದ ಕಾಶಮ್ಮ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ನಮ್ಮ ಯಾವ ಕ್ಯಾಂಪಿಗೂ ಬಾರದ ಹೆಂಗಸು. ಬಸ್ಸಿನಲ್ಲಿ ದಾವಣಗೆರೆಯವರೆಗೂ ನನ್ನ ಮೇಲೆ ರೇಗುತ್ತಲೇ ಬಂದರು. ‘ನಾಲ್ಕು ತಿಂಗಳು ನಮ್ಮನೇಲಿದ್ಲು. ಯಾರು ಈ ಹುಡುಗಿ ಅಂತ ನನ್ನ ಸೊಸೆ ಎಷ್ಟು ಸಲ ಕೇಳಿದ್ಲು, ಬಾಯಿ ಬಿಡ್ಲಿಲ್ಲ ನಾನು. ನೀವೆಲ್ಲ ಸೇರಿ ಹಾಡು ಹೇಳಿ ಕಳಿಸಿಬಿಟ್ರಲ್ಲ ಗ್ಲಾಡಿಸಮ್ಮ’ ಎಂದರು. ಕಂಪ್ಲೇಂಟು ಬರೆಸಿದೆವು. ಅವನನ್ನು ಹಿಡಿದರು, ಈಗ ಜಾಮೀನಿನ ಮೇಲೆ ಹೊರಗಿದ್ದಾನೆ, ಹೊಸ ವರ್ಷದ ಆರಾಧನೆಯಲ್ಲಿ ಕೀಬೋರ್ಡ್ ನುಡಿಸಿದನಂತೆ.

ನೀನು ಕೆಟ್ಟದ್ದು ಬಯಸಿ ಮಾಡಿದ್ದಲ್ಲ. ಅದು ನನಗೆ ಗೊತ್ತು, ನಿನ್ನನ್ನು ನಾನಲ್ಲದೆ ಯಾರು ಬಲ್ಲರು. ಸಿಟ್ಟಿಲ್ಲ ಎಂದು ಬರೆಯೋಣವೆಂದಿದ್ದೆ. ಸುಳ್ಳು ಯಾಕೆ, ಸಿಟ್ಟಿದೆ. ರಾಶಿ ಇದೆ. ನಿನ್ನ ಕೈಗೆ ಕೊಟ್ಟದ್ದನ್ನು ನೀನು ದೇವರ ಕೈಗೆ ಮಾತ್ರ ಕೊಟ್ಟಿದ್ದರೆ ಸಾಕಾಗಿತ್ತು, ಅವನಿಗೆ ಇನ್ನೂರು ಜನರ ಶಿಫಾರಸು ಬೇಕಿರಲಿಲ್ಲ. ಇನ್ನೊಂದು ಮಾತು. ಈ ಕಾಗದ ಓದಿ ನೀನು ಅಳುತ್ತೀಯ, ಅತ್ತು ನಿನ್ನ ಬಳಗಕ್ಕೆ ‘ನಮ್ಮ ಸಹೋದರಿ ಗ್ಲಾಡಿಸ್ ನಂಬಿಕೆಯಲ್ಲಿ ಬಲಹೀನಳಾಗಿದ್ದಾಳೆ’ ಎಂದು ಹಾಕಬೇಕೆನಿಸುತ್ತದೆ. ಹಾಕಬೇಡ. ನಮ್ಮಿಬ್ಬರ ಸ್ನೇಹದಲ್ಲಿ ಏನಾದರೂ ಉಳಿದಿದ್ದರೆ, ಬೇಡ.

ಸುಹಾಳ ಕೈ ಕೂಡಿಕೊಂಡಿತು, ಪ್ಲಾಸ್ಟರ್ ತೆಗೆದರು. ಬಲಗಡೆಯಿಂದ ಮಾತಾಡಿದರೆ ಸರಿಯಾಗಿ ಕೇಳಿಸುತ್ತದೆ. ಕೆಲಸಕ್ಕೂ ಸೇರಿದ್ದಾಳೆ.

ನಿನ್ನ ಮೊಮ್ಮಗನಿಗೆ ನನ್ನ ಮುತ್ತು ಕೊಡು. ಅವನು ಗಟ್ಟಿಮುಟ್ಟಾಗಿ ಬೆಳೆಯಲಿ, ರಶ್ಮಿಯ ಮೈ ಚೆನ್ನಾಗಿರಲಿ. ನಿನಗೂ ಒಳ್ಳೆಯದಾಗಲಿ ಎಂದೇ ಹರಸುತ್ತೇನೆ. ಈ ಸಾಲು ಬರೆಯುವಷ್ಟು ಪ್ರೀತಿ ಇನ್ನೂ ಇದೆ ಎಂಬುದು ನನಗೇ ಆಶ್ಚರ್ಯ.

ನಿನ್ನ,
ಗ್ಲಾಡಿಸ್

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿಬಿಡಬೇಕೆಂದಿದ್ದೆ. ಸುಹಾ ಈಗ ಎಲ್ಲಿದ್ದಾಳೆಂದು ನನಗೆ ಗೊತ್ತಿಲ್ಲ ಕೃಪಾ. ಯಾವ ಊರೆಂದೂ ಗೊತ್ತಿಲ್ಲ. ನನ್ನ ಮನೆಯಿಂದ ಹೊರಡುವ ದಿನ ನನ್ನ ಕೈಯಿಂದಲೇ ಬ್ಯಾಗಿಗೆ ಬಟ್ಟೆ ಜೋಡಿಸಿದೆ, ಎಲ್ಲಿಗೆ ಎಂದು ಕೇಳಿದೆ. ಸಿಟ್ಟಿನಿಂದಲ್ಲ, ಮೆತ್ತಗೇ ಹೇಳಿದಳು: ‘ನಿಂಗೆ ಹೇಳಿದ್ರೆ ಯಾರಿಗಾದ್ರೂ ಪ್ರಾರ್ಥನೆಗೆ ಕೊಡ್ತೀಯ ಅಮ್ಮ.’ ವಾರಕ್ಕೊಂದು ಸಲ ಬೇರೆ ಯಾರದೋ ಫೋನಿನಿಂದ ಮಾತಾಡುತ್ತಾಳೆ, ಚೆನ್ನಾಗಿದ್ದೀನಿ ಅನ್ನುತ್ತಾಳೆ. ಕಾಶಮ್ಮನವರಿಗೆ ಗೊತ್ತಿದೆ. ಹೋಗಿ ಕೇಳಿದೆ, ಹೆತ್ತವಳು ಅಂದೆ, ಅತ್ತುಬಿಟ್ಟೆ. ಕಾಫಿ ಕೊಟ್ಟರು, ಹೇಳಲಿಲ್ಲ. ಹೇಳದಿದ್ದದ್ದೇ ಒಳ್ಳೆಯದಾಯಿತು. ಹೇಳಿದ್ದರೆ, ಈ ಕಾಗದದಲ್ಲಿ ಅದನ್ನೂ ನಿನಗೆ ಬರೆದುಬಿಡುತ್ತಿದ್ದೆ.