ಮಾನ್ವಿ ತಂಡಕ್ಕೆ ಬಿಟ್ಟುಕೊಡಿ

ದೇವದುರ್ಗ,
12–3–1979

ರಾಯಚೂರು ಫುಟ್‌ಬಾಲ್ ತಂಡದ ಕಾರ್ಯದರ್ಶಿ ಶೇಷಗಿರಿರಾಯರಿಗೆ ಮಾಳಿಂಗಪ್ಪನ ನಮಸ್ಕಾರಗಳು.

ಹನ್ನೆರಡು ವರ್ಷದಿಂದ ನಾನು ನಿಮ್ಮ ತಂಡದ ಎರಡನೇ ಗೋಲ್‌ಕೀಪರ್. ನನ್ನನ್ನೂ ಆಡಿಸಿ ಎಂದು ಕೇಳಿದಾಗಲೆಲ್ಲ ನೀವು, "ತಡಿಯಲೇ, ಸ್ವೀಡನ್ ದೇಶದಾಗ ಮೂವತ್ತೈದಕ್ಕೂ ಗೋಲ್ ಕಾಯ್ತಾರ" ಅಂದಿರಿ. ನನಗೀಗ ಮೂವತ್ತಾರು.

ಮೊನ್ನೆ ಫೈನಲ್‌ನಲ್ಲಿ ಮೊದಲ ಗೋಲ್‌ಕೀಪರ್ ಆದ ನಿಮ್ಮ ಅಳಿಯ ವಿಠ್ಠಲರಾಯರ ಕೈ ಮುರಿಯಿತು. ನಾನು ಎದ್ದು ನಿಂತೆ. ನೀವು ಫಾರ್ವರ್ಡ್ ಆಡುವ ಬೂದೆಪ್ಪನನ್ನು ಗೋಲಿಗೆ ನಿಲ್ಲಿಸಿದಿರಿ. ಮೊದಲ ಸಲ ಆಟ ನೋಡಲು ಬಂದಿದ್ದ ನನ್ನವ್ವ, "ನಿನ್ನ ಯಾಕ ಕರೀಲಿಲ್ಲಪ್ಪಾ?" ಎಂದು ಕೇಳಿದಳು.

ದಯವಿಟ್ಟು ನನ್ನನ್ನು ತಂಡದಿಂದ ಬಿಟ್ಟಿರುವುದಾಗಿ ಒಂದು ಚೀಟಿ ಬರೆದುಕೊಡಿ. ಮಾನ್ವಿಯವರು ಬಾ ಅಂದಿದ್ದಾರೆ. ಅವರು ಆಡಿದ್ದೆಲ್ಲ ಸೋಲುತ್ತಾರೆ, ನಿಜ. ಆದರೆ ಅವರ ಗೋಲಿನತ್ತ ಚೆಂಡು ಬಹಳ ಬರುತ್ತದೆ.

ಇಂತಿ,
ಮಾಳಿಂಗಪ್ಪ, ಗೋಲ್‌ಕೀಪರ್