ಇಸ್ತ್ರಿ ಬಟ್ಟೆಯ ವಾಸನೆ

ಫೆಬ್ರವರಿ 18, ಬುಧವಾರ

ಸಕ್ಕರೆ ಡಬ್ಬಿ ಮೇಲಿನ ಕಪಾಟಿಗೆ ಹೋಯಿತು. ಅದರ ಹಿಂದೆ ಜಾಮ್, ಅದರ ಹಿಂದೆ ಬಿಸ್ಕತ್ತು. ಇವರು ಬಾಗಿಲಲ್ಲಿ ನಿಂತು ನೋಡಿದರು, ನೆಂಟರನ್ನು ಬಸ್ಸು ಹತ್ತಿಸಿ ಬಂದವರ ಮುಖ. ಹಣೆಯ ಮೇಲೆ ಚರ್ಚಿನ ಬೂದಿ.

"ಕಾಫಿಗೂ ಇಲ್ವೇನೇ?"

"ಈಸ್ಟರ್‌ಗೆ ಕುಡೀರಿ."

ಇವತ್ತಿನಿಂದ ಈಸ್ಟರ್ ಬೆಳಗಿನ ಪೂಜೆ ಮುಗಿಯುವ ತನಕ ಈ ಮನೆಯಲ್ಲಿ ಸಿಹಿ, ಬೆಣ್ಣೆ ನಾಲಗೆಗೆ ಸೋಕುವಂತಿಲ್ಲ. ಈಸ್ಟರ್ ಬ್ರೆಡ್ ಮಾಡುವವಳಿಗೂ ವಿನಾಯಿತಿ ಇಲ್ಲ. ಹಿಟ್ಟು ನಾದಿ, ಜಡೆ ಹೆಣೆದು, ಓವನ್ನಿಗೆ ಇಟ್ಟು ತೆಗೆಯುವವರೆಗೆ ರುಚಿ ನೋಡುವ ಮಾತೇ ಇಲ್ಲ. ಕೈ ಮಾಡಲಿ, ಮೂಗು ನೋಡಲಿ, ನಾಲಗೆ ಸುಮ್ಮನಿರಲಿ— ನಮ್ಮ ಅತ್ತೆಯ ಮಾತು. ಬ್ರೆಡ್ ಬೆಂದ ಗುರುತೂ ಮೂಗಿಗೇ ತಿಳಿಯುವಂಥದ್ದು. ಅದನ್ನು ಅತ್ತೆ ನನ್ನೊಬ್ಬಳಿಗೆ ಹೇಳಿ ಹೋದರು. ಓರಗಿತ್ತಿಗೆ, ಮೈದುನನ ಹೆಂಡತಿಗೆ, ಹೇಳಲಿಲ್ಲ. ಅವಳ ಹೊಟ್ಟೆಯಲ್ಲಿ ಆ ಉರಿ ಇನ್ನೂ ಆರಿಲ್ಲ.

ಈ ವರ್ಷ ಉಪವಾಸವೇ ನನ್ನನ್ನು ಕಾಯಬೇಕು, ರುಚಿ ನೋಡು ಎಂದು ಯಾರೂ ಹೇಳುವಂತಿಲ್ಲ. ಜನವರಿಯ ಜ್ವರ ಹೋಗುವಾಗ ನನ್ನ ಮೂಗನ್ನೂ ಹೊತ್ತುಕೊಂಡು ಹೋಯಿತು. ಉಪ್ಪು, ಹುಳಿ, ಸಿಹಿ ನಾಲಗೆಗೆ ಗೊತ್ತಾಗುತ್ತದೆ. ಘಮ ಎನ್ನುವುದು ಇಲ್ಲ. ಕಾಫಿ ಬರೀ ಬಿಸಿನೀರು. ಡಾಕ್ಟರು, "ಬಂದ್ರೂ ಬರಬಹುದು, ಕಾಯಬೇಕು ಅಮ್ಮ" ಎಂದರು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಸಂಜೆಯೊಳಗೆ ಓರಗಿತ್ತಿಗೆ ತಲುಪುತ್ತದೆ. ನಾಳೆ ಬೆಳಿಗ್ಗೆ ಈಸ್ಟರ್ ಅವಳ ಮನೆಗೆ ಹೋಗುತ್ತದೆ.

ಫೆಬ್ರವರಿ 27, ಶುಕ್ರವಾರ

ಹಾಲು ಸೀದಿತು. ಪಕ್ಕದಲ್ಲೇ ನಿಂತು ಬೀನ್ಸ್ ಮುರಿಯುತ್ತಿದ್ದೆ. ಗೊತ್ತೇ ಆಗಲಿಲ್ಲ. ಇವರು ಪೇಪರ್ ಬಿಸಾಕಿ ಓಡಿ ಬಂದರು.

"ಮನೆಯೆಲ್ಲ ಸೀದ ವಾಸನೆ! ಪಕ್ಕದಲ್ಲೇ ದೇವತೆ ಹಾಗೆ ನಿಂತಿದೀಯಲ್ಲ!"

"ತಳ ಹಿಡೀಲಿ ಅಂತ್ಲೇ ಬಿಟ್ಟೆ. ಪಾತ್ರೆ ಉಜ್ಜೋಳು ನಾನು ತಾನೇ?"

ಬಾಯಿ ಜೋರು ಮಾಡಿದರೆ ಇವರು ವಾಪಸ್ಸು ಪೇಪರಿಗೆ ಹೋಗುತ್ತಾರೆ. ಹೋದರು. ಸೊಸೆ ಮಾತ್ರ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಒಂದು ಗಳಿಗೆ ನನ್ನನ್ನೇ ನೋಡಿದಳು. ಪಾತ್ರೆ ತೆಗೆದುಕೊಂಡು ಹೋಗಿ ಅವಳೇ ಉಜ್ಜಿದಳು.

ಮಾರ್ಚ್ 14, ಶನಿವಾರ

ಈ ಹುಡುಗಿಗೆ ಏನಾಗಿದೆಯೋ. ಮದುವೆಯಾಗಿ ಬಂದಾಗ ಮುತ್ತು ಉದುರೀತು ಎಂಬಂತೆ ಮಾತಾಡುತ್ತಿದ್ದಳು. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ದಣಿದಿರುತ್ತಾಳೆ, ಇರಲಿ ಎಂದುಕೊಂಡಿದ್ದೆ. ಈಗ ಅಡುಗೆಮನೆಗೆ ಕಾಲಿಟ್ಟರೆ ರೇಡಿಯೋ.

"ಅತ್ತೆ, ಈರುಳ್ಳಿ ಕೆಂಪಾಗೋ ವಾಸನೆ ಬಂತು."

"ಅತ್ತೆ, ನಿನ್ನೆ ಸಾರು ಹುಳಿ ಹೊಡೀತಿದೆ, ಚೆಲ್ಲಿಬಿಡ್ಲಾ?"

"ಅತ್ತೆ, ಗ್ಯಾಸ್ ಸಣ್ಣಗೆ ಸೋರ್ತಿದೆ ಅನ್ಸುತ್ತೆ, ಆಫ್ ಮಾಡಿದೆ."

ತಡೆಯಲಾಗಲಿಲ್ಲ. "ನಿನಗೊಂದು ಮೂಗಿದೆ ಅಂತ ಊರಿಗೆಲ್ಲ ಡಂಗುರ ಹೊಡೀಬೇಕಾ?" ಎಂದೆ. ನಕ್ಕಳು. ಬೇಜಾರೇ ಇಲ್ಲ. ಐದು ನಿಮಿಷಕ್ಕೆ ಮತ್ತೆ, "ಅತ್ತೆ, ಒಗ್ಗರಣೆ..."

ಮಾರ್ಚ್ 24, ಮಂಗಳವಾರ. ಮಧ್ಯಾಹ್ನ

ಮನೆಯಲ್ಲಿ ಯಾರೂ ಇಲ್ಲ. ಪರೀಕ್ಷೆಗೆಂದು ಸಣ್ಣ ಬ್ರೆಡ್ ಜಡೆಯೊಂದನ್ನು ಹೆಣೆದು ಓವನ್ನಿಗಿಟ್ಟೆ. ಕೈ ಮರೆತಿಲ್ಲ. ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗೆ. ಮೂರೆಳೆ ಸಮ.

ಗಡಿಯಾರ ನೋಡಿ ಬೇಯಿಸಿದೆ. ಜನ್ಮದಲ್ಲಿ ಮೊದಲ ಸಲ. ನಮ್ಮ ಓವನ್ನಿಗೆ ಅದರದೇ ಬುದ್ಧಿ— ಒಂದು ದಿನ ಬೆಂಕಿ, ಒಂದು ದಿನ ಬೂದಿ. ಗಡಿಯಾರ ಅದಕ್ಕೆ ಏನು ಹೇಳೀತು? ಮೇಲೆ ಹೊಂಬಣ್ಣ, ತಿರುಗಿಸಿದರೆ ಕಪ್ಪು.

ಪುಡಿ ಮಾಡಿ ಹಿತ್ತಲಿಗೆ ಹಾಕಿದೆ. ಕಾಗೆ ಬಂತು, ಒಂದು ಸಲ ನನ್ನ ಮುಖ ನೋಡಿತು. ಆಮೇಲೆ ತಿಂದಿತು.

ಮಾರ್ಚ್ 29. ಗರಿಗಳ ಭಾನುವಾರ

ಧೂಪದ ಹೊಗೆ ಕಣ್ಣಿಗೆ ಕಂಡಿತು. ಅಷ್ಟೇ. ಕಿಟಕಿಯಾಚೆ ಯಾರೋ ಮಾತಾಡುವುದು ಕಂಡ ಹಾಗೆ. ಚಿಕ್ಕಂದಿನಿಂದ ಆ ವಾಸನೆ ಬಂದರೇನೇ ನನಗೆ ಪ್ರಾರ್ಥನೆ ಬರುತ್ತಿತ್ತು. ಇವತ್ತು ಬರಲಿಲ್ಲ...

ಮೆಟ್ಟಿಲ ಮೇಲೆ ಓರಗಿತ್ತಿ ಹಿಡಿದುಕೊಂಡಳು.

"ಅಕ್ಕ, ಜ್ವರದಿಂದ ಸೊರಗಿಬಿಟ್ಟಿದೀರ. ಈ ಸಲ ಬ್ರೆಡ್ ನಮ್ಮನೇಲೇ ಆಗ್ಲಿ. ಹೊಸ ಓವನ್ ಬಂದಿದೆ, ತಾನೇ ಪೀಂ ಪೀಂ ಅನ್ನುತ್ತೆ. ಮೂಗೂ ಬೇಡ, ಬಾಯೂ ಬೇಡ."

ಗೊತ್ತಾಗಿಬಿಟ್ಟಿದೆಯಾ? ಮುಖ ನೋಡಿದೆ. ಇಲ್ಲ, ಬರೀ ಚುಚ್ಚು ಮಾತು.

"ಪೀಂ ಪೀಂ ಅನ್ನೋಕೆ ಅದೇನು ಆಟೋನಾ? ನನ್ನ ಕೈ ಇನ್ನೂ ಬಿದ್ದು ಹೋಗಿಲ್ಲ. ಭಾನುವಾರ ಎಲ್ಲ ನಮ್ಮನೆಗೇ ಬನ್ನಿ."

ಪಕ್ಕದಲ್ಲಿದ್ದ ಸೊಸೆ, "ಮೈದಾ, ಯೀಸ್ಟ್ ಎಲ್ಲ ಆಗ್ಲೇ ತಂದಾಗಿದೆ ಚಿಕ್ಕತ್ತೆ" ಎಂದಳು. ಯಾರು ಕೇಳಿದ್ದರು ಇವಳನ್ನು? ಆದರೆ ಹೇಳಿದ್ದು ಒಳ್ಳೆಯದೇ ಆಯಿತು.

ಏಪ್ರಿಲ್ 3. ಶುಭ ಶುಕ್ರವಾರ

ಚರ್ಚಿಗೆ ಹೊರಡುವ ಮುಂಚೆ ನಾಳೆಯ ಸಾಮಾನು ತೆಗೆದಿಟ್ಟೆ. ಕಿತ್ತಳೆ ಸಿಪ್ಪೆ ಹೆರೆದದ್ದು, ಏಲಕ್ಕಿ ಪುಡಿ. ಹೋದ ತಿಂಗಳೇ ತಂದಿದ್ದ ಬೆಣ್ಣೆಯ ಗಟ್ಟಿ. ಸೊಸೆ ನೋಡುತ್ತಿದ್ದಳು. ಬೇಕೆಂದೇ ಬೆಣ್ಣೆಯನ್ನು ಮೂಗಿನ ಹತ್ತಿರ ಹಿಡಿದು ಉಸಿರೆಳೆದುಕೊಂಡೆ.

"ಇವತ್ತು ಕಡೆದ ಹಾಗಿದೆ" ಎಂದೆ.

ಬಾಯಿ ತೆರೆದಳು. ಮುಚ್ಚಿದಳು. ಇಷ್ಟು ದಿನದಲ್ಲಿ ಇದೇ ಮೊದಲು ಅವಳು ಸುಮ್ಮನಾದದ್ದು. ಶುಭ ಶುಕ್ರವಾರದ ಮೌನ ಇರಬೇಕು. ಭಕ್ತಿ ಬಂದಿದೆ, ಒಳ್ಳೆಯದು.

ಏಪ್ರಿಲ್ 4, ಶನಿವಾರ. ಸಂಜೆ

ಬೆಳಿಗ್ಗೆ ಕಿತ್ತಳೆ ಬೀಜ ಎಸೆಯಲು ಕಸದ ಬುಟ್ಟಿ ತೆರೆದೆ. ಒಳಗೆ ನನ್ನ ಬೆಣ್ಣೆ. ಇಡೀ ಗಟ್ಟಿ. ಬಟ್ಟಲಲ್ಲಿ ಬೇರೆ ಬೆಣ್ಣೆ ಕೂತಿದೆ. ಮೈ ಉರಿಯಿತು.

"ಬೆಣ್ಣೆ ಎಸೆದೋರು ಯಾರು?"

"ನಾನೇ ಅತ್ತೆ."

"ಯಾಕೆ?"

ಬಟ್ಟಲನ್ನು ಒಂದಿಂಚು ಪಕ್ಕಕ್ಕೆ ಸರಿಸಿದಳು.

"ಇಷ್ಟು ದಿನ ವಟವಟ ಅಂತಿದ್ಯಲ್ಲ, ಈಗ ಬಾಯಿಗೆ ಬೀಗ ಬಿತ್ತಾ?"

"ಕಮಟು ಹಿಡಿದಿತ್ತು ಅತ್ತೆ" ಎಂದಳು, ನೆಲ ನೋಡುತ್ತ. "ಫ್ರಿಜ್ ಬಾಗಿಲು ತೆಗೆದ್ರೇ ಬಡೀತಿತ್ತು."

ಅದೇ ಬೆಣ್ಣೆ. ಮೂಗಿಗೆ ಹಿಡಿದು ಇವತ್ತು ಕಡೆದ ಹಾಗಿದೆ ಎಂದವಳು ನಾನು.

ಕುರ್ಚಿ ಎಳೆದು ಕೂತೆ. ಈರುಳ್ಳಿ, ಸಾರು, ಗ್ಯಾಸು... ಎಲ್ಲ ಒಂದೊಂದಾಗಿ ತಲೆಗೆ ಹತ್ತಿತು. ರೇಡಿಯೋ ಯಾರಿಗಾಗಿ ಹಾಡುತ್ತಿತ್ತು ಎಂದು.

"ಯಾವಾಗಿಂದ ಗೊತ್ತು?"

"ಹಾಲು ಸೀದ ದಿನದಿಂದ."

"ಗಂಡನಿಗೆ ಹೇಳಿದೀಯಾ?"

"ಅವ್ರಿಗೆ ಹೇಳಿದ್ರೆ ಮೈಕ್ ಹಿಡಿದು ಹೇಳಿದ ಹಾಗಲ್ವಾ ಅತ್ತೆ."

ನನ್ನ ಮಗನೇ, ಆದರೂ ಮಾತು ನಿಜ. ನಗು ಬಂತು. ಹೊರಗೆ ಬಿಡಲಿಲ್ಲ.

ಹಿಟ್ಟು ನಾದಿದೆ. ಉಬ್ಬಿತು. ಜಡೆ ಹೆಣೆದೆ, ದೊಡ್ಡವು ಎರಡು. ಓವನ್ನಿಗಿಟ್ಟು ಬಾಗಿಲು ಮುಚ್ಚಿದ ಮೇಲೆ ಬಹಳ ಹೊತ್ತು ಅದರ ಹಿಡಿ ಹಿಡಿದುಕೊಂಡೇ ನಿಂತಿದ್ದೆ. ಅತ್ತೆ ಕೊಟ್ಟ ಗುರುತನ್ನು ಹೇಳಿದರೆ ಈ ಒಲೆ ನನ್ನೊಬ್ಬಳದಾಗಿ ಉಳಿಯುವುದಿಲ್ಲ. ಹೇಳದಿದ್ದರೆ ನಾಳೆ ಮೇಜಿನ ಮೇಲೆ ಕಾಗೆಗೆ ಹಾಕುವ ಬ್ರೆಡ್. ಮಾತು ಹೊರಬರಲು ಹಲ್ಲು ಕೀಳಿಸಿಕೊಂಡಷ್ಟು ಕಷ್ಟವಾಯಿತು.

"ಸ್ಟೂಲ್ ಎಳ್ಕೊಂಡು ಇಲ್ಲಿ ಕೂತ್ಕೋ. ಮೊದಲು ಬೆಣ್ಣೆ ವಾಸನೆ ಬರುತ್ತೆ, ಆಮೇಲೆ ಸಿಪ್ಪೇದು. ಎರಡಕ್ಕೂ ಏಳಬೇಡ. ಆಗತಾನೇ ಇಸ್ತ್ರಿ ಮಾಡಿದ ಬಟ್ಟೆ ಇರುತ್ತಲ್ಲ, ಆ ವಾಸನೆ ಬಂದ ಕೂಡ್ಲೇ ಹೇಳು. ಒಂದು ಉಸಿರು ತಡ ಮಾಡಿದ್ರೂ ಸೀದು ಹೋಗುತ್ತೆ."

ಕೂತಳು. ನಾನು ಬೆನ್ನು ಹಾಕಿ ಕಿಟಕಿ ನೋಡುತ್ತ ನಿಂತೆ. ಅವಳು ಉಸಿರೆಳೆಯುವುದು ಕೇಳುತ್ತಿತ್ತು.

"ಬೆಣ್ಣೆ ಬಂತು ಅತ್ತೆ."

"ಹೂಂ."

"ಕಿತ್ತಳೆ..."

ಓವನ್ನಿನ ತಗಡು ಟಿಕ್ಕೆಂದಿತು. ತಿರುಗಿ ನೋಡಬಾರದು ಎಂದುಕೊಂಡು ತಿರುಗಿದೆ. ಕಣ್ಣು ಮುಚ್ಚಿ ಕೂತಿದ್ದಾಳೆ, ಪ್ರಾರ್ಥನೆಗೆ ಕೂತವಳಂತೆ. ಥಟ್ಟನೆ ಎದ್ದಳು.

"ಅಂಗಿ ಕಾಲರ್ ಅತ್ತೆ! ಬಿಸಿ ಅಂಗಿ!"

"ತೆಗಿ!"

ತಳ ತಿರುಗಿಸಿ ನೋಡಿದೆ. ಹೊಂಬಣ್ಣ.

ಏಪ್ರಿಲ್ 5. ಈಸ್ಟರ್. ಮಧ್ಯಾಹ್ನ

ಪೂಜೆಯಿಂದ ಬಂದು ಎಲ್ಲರೂ ಮೇಜಿಗೆ ಕೂತರು. ನಮ್ಮಲ್ಲಿ ಮಾಡಿದವಳೇ ಕತ್ತರಿಸಬೇಕು. ಮೊದಲ ಜಡೆ ನಾನೇ ಕತ್ತರಿಸಿದೆ. ಓರಗಿತ್ತಿ ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು, ಬಾಯಿಗಿಟ್ಟಳು. ಅಗಿಯುವುದು ನಿಧಾನವಾಯಿತು.

"ಒಪ್ಕೊಂಡೆ ಅಕ್ಕ. ನಿಮ್ಮ ಮೂಗಿಗೆ ಕೈ ಮುಗೀಬೇಕು."

ಸುಮ್ಮನಿದ್ದರೆ ಮುಗಿಯುತ್ತಿತ್ತು. ಸೊಸೆ ಎದುರಿಗೇ ಕಾಫಿ ಬಗ್ಗಿಸುತ್ತಿದ್ದಳು, ತಲೆ ಎತ್ತಲಿಲ್ಲ. ನಾನು ಸುಮ್ಮನಿದ್ದರೂ ಅವಳು ಸುಮ್ಮನಿರುತ್ತಿದ್ದಳು. ಅದೇ ನನ್ನನ್ನು ಚುಚ್ಚಿತು.

"ನನ್ನ ಮೂಗು ಜನವರೀಲೇ ಹೋಯ್ತು. ಕೈ ಮುಗಿಯೋದಿದ್ರೆ ಅಲ್ಲಿ ಮುಗಿ" ಎಂದೆ, ಚಾಕುವಿನಿಂದ ಸೊಸೆಯನ್ನು ತೋರಿಸಿ.

ಇವರು ಗಾಬರಿಯಿಂದ ನನ್ನ ಮುಖ ನೋಡಿದರು. "ಎಲ್ಲಿ ಹೋಯ್ತು? ಅಲ್ಲೇ ಇದೆಯಲ್ಲ!"

ಎಲ್ಲರೂ ನಕ್ಕರು. ಓರಗಿತ್ತಿ ನಗಲಿಲ್ಲ. "ನನಗ್ಯಾಕೆ ಹೇಳ್ಲಿಲ್ಲ ಅಕ್ಕ? ನಾನೇ ಬಂದು ನಿಮ್ಮ ಒಲೆ ಮುಂದೆ ಕೂತಿರ್ತಿದ್ನಲ್ಲ" ಎಂದಳು. ಕಣ್ಣು ತುಂಬಿತ್ತು. ಅವಳ ತಟ್ಟೆಗೆ ಇನ್ನೊಂದು ತುಂಡು ಹಾಕಿದೆ.

ಎರಡನೆಯ ಜಡೆಗೆ ಚಾಕುವನ್ನು ಸೊಸೆಯ ಕೈಗೆ ಕೊಟ್ಟೆ. ದಪ್ಪ ದಪ್ಪ ಕತ್ತರಿಸಿದಳು. ಕಲಿಸಬೇಕು.

ನನ್ನ ತುಂಡು ಬಾಯಲ್ಲಿ ಮೆತ್ತಗೆ, ಸಿಹಿ. ಅಷ್ಟೇ. ಸೊಸೆ ಪಕ್ಕಕ್ಕೆ ಬಂದು ಕೂತಳು.

"ಹೇಗಿದೆ ಅಂತ ಹೇಳ್ಲಾ ಅತ್ತೆ?"

"ಹೇಳು."

"ಮೊದಲು ಬೆಣ್ಣೆ. ಕಿತ್ತಳೆ ನಿಧಾನಕ್ಕೆ ಬರುತ್ತೆ, ಸಣ್ಣ ಕಹಿ ಜೊತೆ. ಆಮೇಲೆ..." ತಡವರಿಸಿದಳು. "ಏಲಕ್ಕಿ ಒಂಚೂರು ಜಾಸ್ತಿ ಆಯ್ತು ಅತ್ತೆ."

ಜಾಸ್ತಿಯಂತೆ! ನನ್ನ ಏಲಕ್ಕಿಗೆ ಈ ಮನೆಯಲ್ಲಿ ಹೆಸರಿಟ್ಟವರು ಯಾರೂ ಇಲ್ಲ. ಕೋಪ ನೆತ್ತಿಗೇರಿತು. ಏರಿದಷ್ಟೇ ಬೇಗ ಇಳಿಯಿತು. ನನ್ನ ಮುಖದ ಮುಂದೆ ಇದನ್ನು ಹೇಳಬಲ್ಲವಳು ಉಳಿದದ್ದನ್ನೂ ನಿಜವೇ ಹೇಳುತ್ತಾಳೆ. ಆ ತುಂಡನ್ನು ಮತ್ತೆ ನಿಧಾನವಾಗಿ ಅಗಿದೆ, ಅವಳು ಹೇಳಿದ ಕ್ರಮದಲ್ಲೇ. ಬೆಣ್ಣೆ. ಕಿತ್ತಳೆ. ಕಹಿ.

ಈಗ ನೆಂಟರೆಲ್ಲ ಮಲಗಿದ್ದಾರೆ. ಇವರಿಗೆ ಸಕ್ಕರೆ ಹಾಕಿ ಇನ್ನೊಂದು ಲೋಟ ಕಾಫಿ ಮಾಡೋಣವೆಂದು ಹಾಲು ಒಲೆಯ ಮೇಲಿಟ್ಟು ಬಂದು ಇಲ್ಲಿ ಬರೆಯುತ್ತ ಕೂ...

ಕೂಗುತ್ತಿದ್ದಾಳೆ. "ಅತ್ತೇ, ಹಾಲು—"